ಕೆರೆ ಹೂಳೆತ್ತುವ ಕೆಲಸಕ್ಕೆ ದೇಣಿಗೆ ಮನವಿ: ಗಂಟೆಯ ಲೆಕ್ಕದಲ್ಲಿ ಕೊಡಿ

ಮಾನ್ಯರೇ,

ಶಿವರಾತ್ರಿ ಕಳೆದ ಮೇಲೆ ನಮ್ಮ ಕೆರೆಯಂಗಳ ಗಾಡಿ ಇಳಿಯುವಷ್ಟು ಒಣಗುತ್ತದೆ. ರೋಹಿಣಿ ಮಳೆ ಬಿತ್ತೆಂದರೆ ಮತ್ತೆ ಕೆಸರು. ಈ ನಡುವಿನ ದಿನಗಳಲ್ಲಿ ಅಂಗಳದ 10 ಎಕರೆಯಿಂದ 2 ಅಡಿ ಹೂಳು ತೆಗೆಯಬೇಕೆಂದು ಊರಿನ ಕೆರೆ ಸಮಿತಿ ತೀರ್ಮಾನಿಸಿದೆ. ಊರಲ್ಲೇ ಇರುವವರು, ಬೆಂಗಳೂರಿಗೋ ಹೊರದೇಶಕ್ಕೋ ಹೋದವರು, ಎಲ್ಲರ ಮುಂದೆಯೂ ಈ ಮನವಿ ಇಡುತ್ತಿದ್ದೇವೆ.

ಮೊದಲು ಲೆಕ್ಕ. ಒಂದು ಎಕರೆಯಲ್ಲಿ ಒಂದು ಅಡಿ ಹೂಳೆಂದರೆ 43,560 ಘನ ಅಡಿ. ಅಷ್ಟು ತೆಗೆದರೆ 12 ಲಕ್ಷ 33 ಸಾವಿರ ಲೀಟರ್ ನೀರಿಗೆ ಜಾಗವಾಗುತ್ತದೆ. ಟ್ರ್ಯಾಕ್ಟರ್ ಟ್ರೇಲರ್ ಸುಮಾರು 100 ಘನ ಅಡಿ ಹಿಡಿಯುತ್ತದೆ. ಅಗೆದ ಮಣ್ಣು ಉಬ್ಬುವುದರಿಂದ ಲೋಡು 500 ದಾಟುತ್ತದೆ. ಹಿಟಾಚಿ ಗಂಟೆಗೆ 15ರಿಂದ 20 ಲೋಡು ತುಂಬೀತು, ಗಾಡಿಗಳು ಒಂದರ ಹಿಂದೊಂದು ಬಂದರೆ ಮಾತ್ರ. ಹೀಗೆ ಒಂದು ಎಕರೆಯ ಒಂದು ಅಡಿಗೆ 30 ಗಂಟೆ, 10 ಎಕರೆಯ 2 ಅಡಿಗೆ ಒಟ್ಟು 600 ಗಂಟೆ. ಎರಡು ಯಂತ್ರ, ದಿನಕ್ಕೆ 10 ಗಂಟೆ, 30 ದಿನ. ಮಿಕ್ಕ ದಿನಗಳನ್ನು ಯಂತ್ರ ಕೆಡುವುದಕ್ಕೆ, ಹಬ್ಬಕ್ಕೆ, ಜಗಳಕ್ಕೆ ಬಿಟ್ಟಿದ್ದೇವೆ.

ಜಗಳವನ್ನು ಲೆಕ್ಕಕ್ಕೆ ಹಿಡಿದದ್ದು ತಮಾಷೆಗಲ್ಲ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ಎನ್ನುವುದು ಕಾಗದದ ಮೇಲಿನ ಮಾತು. ಯಾರ ಟ್ರ್ಯಾಕ್ಟರ್ ಯಾವ ಪಕ್ಷದ್ದೆಂದು ಶಾಲೆ ಮಕ್ಕಳಿಗೂ ಗೊತ್ತು. ಒಂದೇ ಗುಂಪಿನ ಗಾಡಿಗಳು ಬಂದರೆ ಅರ್ಧ ಹೊತ್ತು ಯಂತ್ರ ಸುಮ್ಮನೆ ನಿಂತಿರುತ್ತದೆ, ಬಾಡಿಗೆ ಮಾತ್ರ ಏರುತ್ತಲೇ ಇರುತ್ತದೆ. ಗೋಡು ಮಣ್ಣೆಲ್ಲ, ಅಂದರೆ ಹೊಲಕ್ಕೆ ಹಾಕುವ ಈ ಹೂಳೆಲ್ಲ, ದೊಡ್ಡ ಹಿಡುವಳಿಗಳಿಗೇ ಹೋಗಿ, ಟ್ರ್ಯಾಕ್ಟರ್ ಇಲ್ಲದ ಕಾಲೋನಿಯವರು ಬರಿಗೈಯಲ್ಲಿ ನಿಂತರೆ ಆಮೇಲೆ ಕಾಲುವೆ ಕೆಲಸಕ್ಕೆ ಅವರನ್ನು ಕರೆಯಲು ಯಾರಿಗೂ ಮುಖವಿರುವುದಿಲ್ಲ.

ಪಕ್ಷ ಬಿಟ್ಟು ಬನ್ನಿ ಎಂದು ನಾವು ಯಾರಿಗೂ ಹೇಳಿಲ್ಲ. ಹೇಳಿದರೆ ಕೇಳುವವರೂ ಇಲ್ಲ. ಒಬ್ಬರ ಮೇಲೊಬ್ಬರಿಗಿರುವ ಅನುಮಾನವನ್ನೇ ಕೆಲಸಕ್ಕೆ ಹಚ್ಚಿದ್ದೇವೆ. ಬೆಳಿಗ್ಗೆ ಯಂತ್ರ ಶುರುವಾಗುವಾಗ, ಸಂಜೆ ನಿಲ್ಲುವಾಗ ಅದರ ಗಂಟೆ ಮೀಟರಿನ ಅಂಕಿಯನ್ನು ಇಬ್ಬರು ನೋಡಿ ಬರೆದು ಸಹಿ ಹಾಕಬೇಕು. ಆ ಇಬ್ಬರು ಬೇರೆ ಬೇರೆ ಗುಂಪಿನವರೇ ಆಗಿರಬೇಕು. ಗಾಡಿಗೆ ಕಾಯುತ್ತ ಎಂಜಿನ್ ಓಡುತ್ತಿದ್ದರೂ ಮೀಟರ್ ಓಡುತ್ತದೆ, ಆದ್ದರಿಂದ ನಿಂತ ಹೊತ್ತಿಗೆ ಪುಸ್ತಕದಲ್ಲಿ ಬೇರೆ ಅಂಕಣ, ಪಕ್ಕದಲ್ಲಿ ಕಾರಣ. ಲೋಡಿಗೊಂದು ಚೀಟಿ, ಅರ್ಧ ಚಾಲಕನಿಗೆ, ಅರ್ಧ ಏರಿ ಮೇಲಿನ ಡಬ್ಬಿಗೆ. ಸಂಜೆ ಎರಡೂ ತಾಳೆಯಾಗದಿದ್ದರೆ ಮರುದಿನ ಯಂತ್ರ ಹೊರಡುವುದಿಲ್ಲ. ಚೀಟಿಗೆ ಯಾವ ಬಣ್ಣ ಆರಿಸಿದರೂ ಅದು ಯಾರದೋ ಬಾವುಟದ್ದಾಗುತ್ತದೆಂದು ಬಿಳಿ ಹಾಳೆಯನ್ನೇ ಇಟ್ಟುಕೊಂಡಿದ್ದೇವೆ. ಎದುರಾಳಿಗಿಂತ ಕಟ್ಟುನಿಟ್ಟಾದ ಲೆಕ್ಕ ತಪಾಸಣೆಗಾರ ಸಂಬಳ ಕೊಟ್ಟರೂ ಸಿಗುವುದಿಲ್ಲ.

ಸಭೆಗಳು ದೇವಸ್ಥಾನದ ಮಂಟಪದಲ್ಲೂ ಇಲ್ಲ, ಯಾರ ಮನೆಯ ಜಗಲಿಯಲ್ಲೂ ಇಲ್ಲ. ಅಲ್ಲಿ ಕೆಲವರು ಕೂರುತ್ತಾರೆ, ಕೆಲವರು ಹೊರಗೆ ನಿಲ್ಲುತ್ತಾರೆ. ಶಾಲೆಯ ಅಂಗಳದಲ್ಲಿ ಎಲ್ಲರೂ ನೆಲದ ಮೇಲೆ. ಮಣ್ಣಿನ ಸರದಿಯನ್ನೂ ಅಲ್ಲೇ ಚೀಟಿ ಎತ್ತಿ ಗೊತ್ತುಮಾಡುತ್ತೇವೆ. 2 ಎಕರೆಗಿಂತ ಕಡಿಮೆ ಇರುವವರದು ಮೊದಲ ಸುತ್ತು. ಎಕರೆಗೆ 40 ಲೋಡು ಮಿತಿ, ಹರಡಿದರೆ ಒಂದು ಅಂಗುಲಕ್ಕೆ ಸ್ವಲ್ಪ ಹೆಚ್ಚು. ರಾಗಿ ಹೊಲದ ಕೆಂಪು ಮಣ್ಣಿಗೆ ಅಷ್ಟು ಸಾಕು. ಬಿಳಿ ಉಪ್ಪು ಕಟ್ಟಿದ ಚೌಳು ಹೂಳು ಕಂಡರೆ ಅದನ್ನು ಹೊಲಕ್ಕೆ ಕೊಡುವುದಿಲ್ಲ.

ಅಗೆಯುವ ರೀತಿಯ ಬಗ್ಗೆಯೇ ದೊಡ್ಡ ತಕರಾರು ಎದ್ದದ್ದು. ಅಚ್ಚುಕಟ್ಟಿನವರಿಗೆ, ಅಂದರೆ ಕೆರೆ ನೀರಲ್ಲಿ ಬೆಳೆಯುವವರಿಗೆ, ನೀರು ನಿಲ್ಲಬೇಕು, ಸಾವಿರ ಅಡಿ ದಾಟಿದ ಬೋರ್‌ವೆಲ್ ಇರುವವರಿಗೆ ನೀರು ಇಂಗಬೇಕು. ಇದರಲ್ಲಿ ಪಕ್ಷವೂ ಇಲ್ಲ, ಜಾತಿಯೂ ಇಲ್ಲ. ಒಂದೇ ಮನೆಯ ಅಣ್ಣ ತಮ್ಮಂದಿರು ಎರಡು ಕಡೆ ಇದ್ದಾರೆ. ಕೊನೆಗೆ ಒಪ್ಪಿದ್ದು ಇಷ್ಟು: ಹೂಳು ಮಾತ್ರ ತೆಗೆಯುವುದು, ಅದರ ಕೆಳಗಿನ ಜೇಡಿ ಪದರ ಒಡೆಯದಿರುವುದು, ಗರಸು (ಜಲ್ಲಿ ಮಣ್ಣು) ಕಂಡ ಕೂಡಲೇ ಬಕೆಟ್ ಎತ್ತುವುದು. ಏರಿಯ ಬುಡದಿಂದ 15 ಮೀಟರ್ ಒಳಗೆ ಯಂತ್ರ ಬರಕೂಡದು. ಬುಡ ಸಡಿಲವಾದರೆ ತುಂಬಿದ ಕೆರೆಯ ಏರಿ ಜಾರುತ್ತದೆ. ನೆಲ ನೀರು ಬಿಡುವ ತೂಬಿನ ಕಡೆಗೆ ಒಂದೇ ಇಳಿಜಾರಾಗಿರಬೇಕು, ಗುಂಡಿ ಬೀಳಬಾರದು. ಇಟ್ಟಿಗೆ ಗೂಡಿನವರು ಬಿಟ್ಟಿಯಾಗಿ ಹೂಳೆತ್ತಿ ಕೊಡುತ್ತೇವೆಂದು ಬರುತ್ತಾರೆ. ಅವರಿಗೆ ಬೇಕಾದ ಜೇಡಿ ಸಿಕ್ಕಲ್ಲೇ ಆಳಕ್ಕೆ ಅಗೆದು ಹೋಗುತ್ತಾರೆ, ಆ ಗುಂಡಿಗಳಲ್ಲಿ ದನ ಸಿಕ್ಕಿಕೊಳ್ಳುತ್ತವೆ, ಮಕ್ಕಳು ಮುಳುಗುತ್ತಾರೆ. ಆದ್ದರಿಂದ ಬೇಡವೆಂದಿದ್ದೇವೆ. ಹೆಚ್ಚಾದ ನೀರು ಹರಿದುಹೋಗುವ ಕೋಡಿಯನ್ನು ಒಂದು ಸಾಲು ಕಲ್ಲು ಎತ್ತರಿಸಿದರೆ ಹೂಳೆತ್ತುವ ಖರ್ಚೇ ಇಲ್ಲವಲ್ಲ ಎನ್ನುವವರೂ ಇದ್ದರು. ಎತ್ತರಿಸಿದರೆ ಮೇಲ್ಗಡೆಯವರ ಹೊಲ ಮುಳುಗುತ್ತದೆ, ಕೆಳಗಿನ ಊರಿನ ಕೆರೆಗೆ ನೀರು ತಡವಾಗುತ್ತದೆ, ನಮ್ಮ ಏರಿಗೂ ಅಪಾಯ. ಕೋಡಿ ಇದ್ದ ಮಟ್ಟದಲ್ಲೇ ಇರುತ್ತದೆ.

ಏರಿ ಮೇಲಿನ ಬಳ್ಳಾರಿ ಜಾಲಿ ಕೀಳುವುದು ಯಂತ್ರದ್ದಲ್ಲ, ಕೂಲಿ ಕೆಲಸ. ಬೇರು ಕಿತ್ತ ಜಾಗಕ್ಕೆ ಮಣ್ಣು ತುಂಬಿ ದಿಮ್ಮಿಸದಿದ್ದರೆ ನೀರು ಅಲ್ಲಿಂದಲೇ ದಾರಿ ಹುಡುಕುತ್ತದೆ.

ಸರ್ಕಾರದ ಹಣ ಇಲ್ಲವೇ ಎಂದು ಕೇಳುತ್ತೀರಿ. ಉದ್ಯೋಗ ಖಾತರಿಯಲ್ಲಿ ಕೂಲಿ ಕೊಡಬಹುದು, ಹಿಟಾಚಿ ಇಳಿಸುವಂತಿಲ್ಲ. ನಮ್ಮದು 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ, ಹಾಗಾಗಿ ಸಣ್ಣ ನೀರಾವರಿ ಇಲಾಖೆಗೆ ಸೇರಿದ್ದಲ್ಲ, ಪಂಚಾಯತ್ ರಾಜ್ ವ್ಯವಸ್ಥೆಯದು. ಲಿಖಿತ ಅನುಮತಿ ಕೈಗೆ ಬರುವವರೆಗೆ ಯಂತ್ರ ಅಂಗಳಕ್ಕೆ ಇಳಿಯುವುದಿಲ್ಲ, ಮಣ್ಣಿನ ಮಾರಾಟ ಯಾವ ಕಾರಣಕ್ಕೂ ಇಲ್ಲ.

ಹಾಗಾದರೆ ನಿಮ್ಮಿಂದ ಬೇಕಾದದ್ದು ಎರಡು. ಒಂದು, ಯಂತ್ರದ ಗಂಟೆ. ಬಾಡಿಗೆ ಡೀಸೆಲ್ ಬೆಲೆಯ ಜೊತೆ ಏರಿಳಿಯುತ್ತದೆ, ಅದಕ್ಕೇ ರೂಪಾಯಿಯಲ್ಲಿ ಕೇಳದೆ ಗಂಟೆಯಲ್ಲಿ ಕೇಳುತ್ತಿದ್ದೇವೆ. ಆ ವಾರದ ದರ ಪಂಚಾಯಿತಿ ಕಚೇರಿಯ ಫಲಕದಲ್ಲಿರುತ್ತದೆ. ಎರಡು, ಟ್ರ್ಯಾಕ್ಟರ್ ಇಲ್ಲದವರ ಹೊಲಕ್ಕೆ ಮಣ್ಣು ಸಾಗಿಸುವ ಬಾಡಿಗೆ. ಸ್ವಂತ ಗಾಡಿ ಇರುವವರು ಡೀಸೆಲ್ ತಾವೇ ಹಾಕಿಕೊಳ್ಳುತ್ತಾರೆ. ಈ ಎರಡನೆಯದಕ್ಕೆ ಕೊಡುವವರು ಕಡಿಮೆ, ಸಾಧ್ಯವಾದರೆ ಇದಕ್ಕೇ ಕೊಡಿ.

ರಾಜಕೀಯದವರ ದೇಣಿಗೆಯೂ ಸ್ವಾಗತ, ಎಲ್ಲ ಪಕ್ಷದವರದೂ. ಫ್ಲೆಕ್ಸ್ ಇಲ್ಲ, ವೇದಿಕೆ ಇಲ್ಲ, ಗಂಗಮ್ಮನ ಪೂಜೆಯೊಂದೇ. ದಾನಿಗಳ ಹೆಸರು ಅಕಾರಾದಿಯಾಗಿ, ಮೊತ್ತವಿಲ್ಲದೆ ಬರೆಯುತ್ತೇವೆ. ನಮಗೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ತಿಳಿದು ಕೊಡಿ.

ಹಣವನ್ನು ಸಮಿತಿಯ ಬ್ಯಾಂಕ್ ಖಾತೆಗೆ ಮಾತ್ರ ಹಾಕಿ. ವಿವರ ಪಂಚಾಯಿತಿ ಕಚೇರಿಯ ಅದೇ ಫಲಕದಲ್ಲಿದೆ. ತೆಗೆಯಲು ಮೂವರ ಸಹಿ ಬೇಕು, ಮೂವರೂ ಮೂರು ಕೇರಿಯವರು. ಯಾವ ಸದಸ್ಯರ ಸ್ವಂತ ಫೋನ್ ನಂಬರಿಗೂ ಹಣ ಕಳಿಸಬೇಡಿ, ಅವರು ಎಷ್ಟೇ ಹತ್ತಿರದವರಾದರೂ. ವಾರದೊಳಗೆ ರಸೀದಿ ಬರದಿದ್ದರೆ ಸಮಿತಿಯಲ್ಲಿರುವ ನಿಮಗಾಗದವರನ್ನು ಕೇಳಿ, ಬೇಗ ಹುಡುಕಿ ಕೊಡುತ್ತಾರೆ.

ಇಂತಿ,
ಕೆರೆ ಸಮಿತಿಯ ಎಲ್ಲ ಸದಸ್ಯರು