ಸ್ಪ್ಯಾನರ್ ಕಳೆದಿದೆ ಎಂದವನಿಗೆ ಮೆಮೊ ಕೊಡಬೇಡಿ

ಮಾನ್ಯ ಸಂಪಾದಕರೇ,

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ಉದ್ದ ಮಾಡುವ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತದೆ. ಆಗಲಿ, ಸಂತೋಷ. ಈಗಿರುವ 1,740 ಮೀಟರ್ ರನ್‌ವೇಗೆ ಎಟಿಆರ್‌ನಂಥ ಸಣ್ಣ ವಿಮಾನವೇ ಗತಿ. ಉದ್ದವಾದರೆ ಏರ್‌ಬಸ್, ಬೋಯಿಂಗ್ ಬರಬಹುದು. ವಿಮಾನ ಜಾಸ್ತಿಯಾದರೆ ಅವುಗಳ ರಿಪೇರಿ, ತಪಾಸಣೆ ಮಾಡುವ ಜನವೂ ಜಾಸ್ತಿ ಬೇಕು. ನಮ್ಮ ಮೈಸೂರು, ಮಂಡ್ಯ ಕಡೆಯ ಮಕ್ಕಳು ಈಗಾಗಲೇ ಆ ಕೋರ್ಸ್‌ಗಳಿಗೆ ಸೇರುತ್ತಿದ್ದಾರೆ. ನಾನು ಮದ್ದೂರು ತಾಲ್ಲೂಕಿನವನು. ವಿಮಾನ ನಿರ್ವಹಣೆಯ ಕೆಲಸದಲ್ಲೇ ಇದ್ದು ನಿವೃತ್ತನಾದವನು. ರನ್‌ವೇ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ರಾತ್ರಿ ಹೊತ್ತು ಹ್ಯಾಂಗರ್‌ನಲ್ಲಿ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ದೊಡ್ಡ ಶೆಡ್ಡಿನಲ್ಲಿ, ಏನು ನಡೆಯುತ್ತದೆ ಅಂತ ಹೇಳುವವರು ಕಡಿಮೆ. ಅದಕ್ಕೇ ಈ ಪತ್ರ.

ನಾನು ಬೇರೆ ಊರಿನಲ್ಲಿ ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ನಡೆದದ್ದು ಇದು. ಹೆಸರು ಬೇಡ. ಬೆಳಗಿನ ಜಾವ ನಾಲ್ಕು ಗಂಟೆ. ಐದೂವರೆಗೆ ವಿಮಾನ ಹೊರಡಬೇಕು. ನಮ್ಮ ಟೂಲ್‌ಬಾಕ್ಸಿನೊಳಗೆ ಸ್ಪಂಜಿನ ಹಾಸು ಇರುತ್ತದೆ. ಒಂದೊಂದು ಟೂಲಿಗೂ ಅದರದೇ ಆಕಾರದ ಗುಳಿ ಕೊರೆದಿರುತ್ತಾರೆ. ಒಂದು ಇಲ್ಲದಿದ್ದರೂ ಖಾಲಿ ಗುಳಿ ಎದ್ದು ಕಾಣಬೇಕು ಅಂತ. ಪ್ರತಿ ಟೂಲಿನ ಮೇಲೂ ಆ ಬಾಕ್ಸಿನ ನಂಬರ್ ಕೆತ್ತಿರುತ್ತದೆ. ಎಲ್ಲ ಎಣಿಸಿ ಸಹಿ ಹಾಕಿದ ಮೇಲೆಯೇ ವಿಮಾನ ಬಿಡಬೇಕು. ಆವತ್ತು ಒಂದು ಸಣ್ಣ ಸ್ಪ್ಯಾನರ್ ಇರಲಿಲ್ಲ. ಸೇರಿ ಎಂಟು ತಿಂಗಳಾಗಿದ್ದ ಹುಡುಗನೊಬ್ಬ ಓಡಿ ಬಂದ. 'ಸಾರ್, ಒಂದು ಸ್ಪ್ಯಾನರ್ ಸಿಗ್ತಿಲ್ಲ. ಎಂಜಿನ್ ಒಳಗೇ ಬಿಟ್ಟಿದೀನಿ ಅನ್ಸುತ್ತೆ' ಅಂದ. ಅವನ ಕೈ ನಡುಗುತ್ತಿತ್ತು. ಮುಚ್ಚಿದ್ದ ಎಂಜಿನ್ ಕವರ್ ಮತ್ತೆ ತೆರೆದು ಟಾರ್ಚ್ ಹಾಕಿ ಹುಡುಕಿದೆವು. ಒಂದು ಪೈಪಿನ ಸಂದಿಯಲ್ಲಿ ಸಿಕ್ಕಿತು. ವಿಮಾನ ಐವತ್ತು ನಿಮಿಷ ತಡವಾಗಿ ಹೊರಟಿತು.

ಆ ಹುಡುಗನ ಬೆನ್ನು ತಟ್ಟಬೇಕಿತ್ತು, ಅಲ್ವಾ? ಮಧ್ಯಾಹ್ನದ ಹೊತ್ತಿಗೆ ಅವನ ಕೈಗೆ ಮೆಮೊ ಬಂತು. ವಿಮಾನ ತಡವಾಗಿದ್ದಕ್ಕೆ ಕಾರಣ ಕೊಡಿ ಅಂತ. ಆ ತಿಂಗಳ ಭತ್ಯೆಯಲ್ಲೂ ಹಣ ಹಿಡಿದರು.

ನಾಲ್ಕು ತಿಂಗಳು ಕಳೆಯಿತು. ಒಂದು ದಿನ ಶಿಫ್ಟ್ ಶುರುವಾಗುವಾಗ ಟೂಲ್‌ಬಾಕ್ಸ್ ನೋಡುತ್ತಿದ್ದೆ. ಎಲ್ಲ ಗುಳಿಗಳೂ ತುಂಬಿದ್ದವು. ಲೆಕ್ಕ ಸರಿಯಿತ್ತು. ಆದರೆ ನಟ್ಟು, ಬೋಲ್ಟು ತಿರುಗಿಸುವ ಒಂದು ಸಾಕೆಟ್ ಮಾತ್ರ ಹೊಳೆಯುತ್ತಿತ್ತು. ಉಳಿದವುಗಳ ನಂಬರಿನ ಗೆರೆಗಳಲ್ಲಿ ಗ್ರೀಸ್ ಕೂತು ಕಪ್ಪಾಗಿತ್ತು. ಇದರ ನಂಬರ್ ಬೆಳ್ಳಗೆ, ಸೊಟ್ಟಸೊಟ್ಟಗೆ ಇತ್ತು. ವಿಚಾರಿಸಿದೆ. ಇನ್ನೊಬ್ಬ ಹುಡುಗ ಸಾಕೆಟ್ ಕಳೆದುಕೊಂಡಿದ್ದ. ಪೇಟೆಗೆ ಹೋಗಿ ಸ್ವಂತ ದುಡ್ಡಿನಲ್ಲಿ ಹೊಸದು ತಂದು, ತಾನೇ ನಂಬರ್ ಕೆತ್ತಿ ಗುಳಿಯಲ್ಲಿ ಇಟ್ಟಿದ್ದ. ಹಾಗಾದರೆ ಕಳೆದದ್ದು ಎಲ್ಲಿ? ಯಾವ ವಿಮಾನದಲ್ಲಿ? ಬೇರೆ ಕೆಲಸದ ನೆಪ ಹೇಳಿ ಎರಡು ರಾತ್ರಿ ಹುಡುಕಿದೆವು. ಚಕ್ರ ಮಡಚಿಕೊಂಡು ಒಳಗೆ ಹೋಗುವ ಜಾಗದಲ್ಲಿ, ಒಂದು ಅಂಚಿನ ಮೇಲೆ ಕೂತಿತ್ತು. ಹನ್ನೊಂದು ದಿನ ಅದು ಪ್ರಯಾಣಿಕರ ಜೊತೆ ಹಾರಾಡಿತ್ತು.

ನಾನೂ ಅದನ್ನು ಬರೆದು ಕೊಡಲಿಲ್ಲ. ಪಾಪ, ಹುಡುಗನ ಕೆಲಸ ಹೋಗುತ್ತದಲ್ಲ ಅಂತ ಸುಮ್ಮನಾದೆ. ಅದು ನನ್ನ ತಪ್ಪು. ಬರೆದಿದ್ದರೆ ಬೇರೆ ಹ್ಯಾಂಗರ್‌ಗಳಲ್ಲೂ ಹೊಸದಾಗಿ ಹೊಳೆಯುವ ಟೂಲ್ ಇದೆಯಾ ಅಂತ ನೋಡುತ್ತಿದ್ದರು. ಒಂದು ಮೆಮೊ ಅಷ್ಟೂ ಜನರ ಬಾಯಿ ಕಟ್ಟಿಹಾಕಿತ್ತು, ನನ್ನದೂ ಸೇರಿ.

ಇದು ನಮ್ಮ ದೇಶದ ಸಮಸ್ಯೆ ಮಾತ್ರ ಅಲ್ಲ. 1990ರ ಜೂನ್ 10ರಂದು ಬ್ರಿಟನ್‌ನಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂದಿನ ಗಾಜು 17,300 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಗಾಳಿಯ ಸೆಳೆತಕ್ಕೆ ಕ್ಯಾಪ್ಟನ್ ಅವರ ಅರ್ಧ ದೇಹ ಹೊರಗೆ ಹೋಯಿತು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಸಹ ಪೈಲಟ್ ವಿಮಾನ ಇಳಿಸಿದರು. ದೇವರು ದೊಡ್ಡವನು, ಎಲ್ಲರೂ ಬದುಕಿದರು. ಹಾರುವುದಕ್ಕೆ 27 ಗಂಟೆ ಮೊದಲು ಆ ಗಾಜು ಬದಲಾಯಿಸಿದ್ದರು. 90 ಬೋಲ್ಟ್‌ಗಳಲ್ಲಿ 84 ಬೇಕಾದ್ದಕ್ಕಿಂತ ತೆಳುವಾಗಿದ್ದವು. ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ. ರಾತ್ರಿ ಪಾಳಿ, ಜನ ಕಡಿಮೆ, ಮಂದ ಬೆಳಕು. ಶಿಫ್ಟ್ ಮ್ಯಾನೇಜರ್ ತಾನೇ ಕೆಲಸಕ್ಕೆ ಇಳಿದು, ಹಳೆಯ ಬೋಲ್ಟ್ ಪಕ್ಕ ಹಿಡಿದು ಕಣ್ಣಳತೆಯಲ್ಲೇ ಹೊಸದು ಆರಿಸಿದ್ದರು. ಆ ಕೆಲಸಕ್ಕೆ ಎರಡನೆಯವರ ತಪಾಸಣೆ ಬೇಕು ಅನ್ನುವ ನಿಯಮವೇ ಇರಲಿಲ್ಲ. ತನಿಖೆ ಮಾಡಿದವರು ಆ ಒಬ್ಬರ ತಲೆ ಮೇಲೆ ಗೂಬೆ ಕೂರಿಸಿ ಕೈತೊಳೆದುಕೊಳ್ಳಲಿಲ್ಲ. ಈ ತಪ್ಪಿಗೆ ದಾರಿ ಮಾಡಿಕೊಟ್ಟದ್ದು ಏನೇನು ಅಂತ ಒಂದೊಂದಾಗಿ ಹುಡುಕಿದರು.

ಮರುವರ್ಷ, 1991ರ ಸೆಪ್ಟೆಂಬರ್ 11ರಂದು ಅಮೆರಿಕದ ಟೆಕ್ಸಸ್‌ನಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ ವಿಮಾನ ಬಿತ್ತು. 14 ಜನ ಸತ್ತರು. ಹಿಂದಿನ ರಾತ್ರಿ ಒಂದು ಪಾಳಿಯವರು ಬಾಲದ ಮೇಲಿನ 47 ಸ್ಕ್ರೂ ಬಿಚ್ಚಿದ್ದರು. ಮುಂದಿನ ಪಾಳಿಯವರಿಗೆ ಅದು ಗೊತ್ತಾಗಲೇ ಇಲ್ಲ. ಒಂದು ಸಾಲು ಬರೆದಿಟ್ಟಿದ್ದರೆ ಸಾಕಿತ್ತು.

ಈಗ ನಿಯಮ ಇಲ್ಲ ಅನ್ನುವ ಹಾಗಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2013ರಲ್ಲೇ ಸುರಕ್ಷತಾ ನಿರ್ವಹಣೆಗೆಂದೇ ಒಂದು ಪ್ರತ್ಯೇಕ ಅನುಬಂಧ ತಂದಿತು. ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ನಿಯಮಗಳಲ್ಲೂ ಅದು ಇದೆ. ಅಪಘಾತ ಆದಮೇಲೆ ಓಡುವುದಲ್ಲ, ಆಗುವ ಮೊದಲೇ ಸಣ್ಣಪುಟ್ಟ ತಪ್ಪು ಹಿಡಿದು ಸರಿಮಾಡಿ ಅನ್ನುವುದೇ ಅದರ ತಿರುಳು. ಆದರೆ ಸಣ್ಣ ತಪ್ಪು ಗೊತ್ತಾಗುವುದು ಯಾರಿಗೆ? ಕೈಯಲ್ಲಿ ಸ್ಪ್ಯಾನರ್ ಹಿಡಿದವನಿಗೆ. ಅವನು ಬಾಯಿ ಬಿಡದಿದ್ದರೆ ದಪ್ಪ ದಪ್ಪ ಮ್ಯಾನುಯಲ್‌ಗಳು ಕಪಾಟಿನಲ್ಲೇ ಕೂತಿರುತ್ತವೆ. ಅಮೆರಿಕದವರು 1976ರಲ್ಲೇ ಇದಕ್ಕೊಂದು ದಾರಿ ಮಾಡಿಕೊಂಡರು. ಅಲ್ಲಿ ವರದಿ ಹೋಗುವುದು ದಂಡ ಹಾಕುವ ಇಲಾಖೆಗಲ್ಲ, ನಾಸಾಗೆ. ಅವರು ಹೆಸರು ತೆಗೆದುಹಾಕಿ ವಿಷಯವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ. ಬೇಕಂತಲೇ ಮಾಡದ ತಪ್ಪನ್ನು 10 ದಿನದೊಳಗೆ ತಿಳಿಸಿದರೆ, ಅಪಘಾತ ಅಥವಾ ಅಪರಾಧ ಅಲ್ಲದಿದ್ದರೆ, ಸಾಮಾನ್ಯವಾಗಿ ದಂಡದಿಂದ ವಿನಾಯಿತಿ ಸಿಗುತ್ತದೆ.

ಹಾಗಂತ ಎಲ್ಲವನ್ನೂ ಮಾಫಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಕೆಲಸ ಮಾಡದೇ ಸಹಿ ಹಾಕುವವರು ಇದ್ದಾರೆ. ಮಾಡಿದ ಕೆಲಸ ಬರೆದು ಸಹಿ ಹಾಕುವ ಟಾಸ್ಕ್ ಕಾರ್ಡನ್ನು ಮನೆಯಲ್ಲಿ ಕೂತು ತುಂಬಿದವರನ್ನೂ ಕಂಡಿದ್ದೇನೆ. ಅಂಥವರ ಲೈಸೆನ್ಸ್ ಕಿತ್ತುಕೊಳ್ಳಲಿ. ಆದರೆ ಮರೆತವನು ಬೇರೆ, ಮೋಸ ಮಾಡಿದವನು ಬೇರೆ. ನಮ್ಮ ಆಫೀಸುಗಳಲ್ಲಿ ಇಬ್ಬರಿಗೂ ಒಂದೇ ಮೆಮೊ. ಬೆಳಗಿನ ಜಾವ ಮೂರರಿಂದ ಐದರವರೆಗೆ ಎಂಥ ಗಟ್ಟಿ ಮನುಷ್ಯನ ಕಣ್ಣೂ ಎಳೆಯುತ್ತದೆ. ಆ ಹೊತ್ತಿಗೆ ಇಬ್ಬರು ಮಾಡುವ ಕೆಲಸಕ್ಕೆ ಒಬ್ಬನನ್ನೇ ಹಾಕಿ, ಆಮೇಲೆ ಯಾಕೆ ಮರೆತೆ ಅಂತ ಕೇಳುವುದು ಯಾವ ನ್ಯಾಯ?

ಆಯುಧಪೂಜೆ ದಿನ ನಾವು ಟೂಲ್‌ಬಾಕ್ಸಿಗೆ ಅರಿಸಿನ ಕುಂಕುಮ ಇಟ್ಟು ಸೇವಂತಿಗೆ ಹಾಕುತ್ತಿದ್ದೆವು. ಪೂಜೆ ಮುಗಿದ ಮೇಲೆ ಎಲ್ಲರೂ ಸಾಲಾಗಿ ಬಗ್ಗಿ ಹ್ಯಾಂಗರ್ ನೆಲದಲ್ಲಿ ಹೂವಿನ ಎಸಳು, ನಾರಿನ ಚೂರು ಆರಿಸುತ್ತಿದ್ದೆವು. ಎಂಜಿನ್ ಹತ್ತಿರ ಏನೂ ಬಿದ್ದಿರಬಾರದು ಅಂತ. ಮ್ಯಾನೇಜರ್ ಕೂಡ ಬಗ್ಗುತ್ತಿದ್ದರು. ಅಲ್ಲೊಂದು ಎಸಳು ಇದೆ ಅಂತ ಯಾರಾದರೂ ಕೂಗಿದರೆ ಯಾರೂ ಬಯ್ಯುತ್ತಿರಲಿಲ್ಲ. ವರ್ಷದ ಉಳಿದ ದಿನಗಳಲ್ಲೂ ಹಾಗೇ ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಮಕ್ಕಳನ್ನು ಈ ಕೋರ್ಸ್‌ಗೆ ಸೇರಿಸುವ ಅಪ್ಪ ಅಮ್ಮಂದಿರಲ್ಲಿ ಒಂದು ಮನವಿ. ಕಾಲೇಜಿಗೆ ಹೋದಾಗ ಪ್ಲೇಸ್‌ಮೆಂಟ್ ಎಷ್ಟು ಅಂತ ಮಾತ್ರ ಕೇಳಬೇಡಿ. ಹುಡುಗರು ವರ್ಕ್‌ಶಾಪಿನಲ್ಲಿ ಟೂಲ್ ಎಣಿಸುತ್ತಾರಾ, ಪಾಳಿ ಬದಲಾಗುವಾಗ ಬರೆದಿಡುವುದನ್ನು ಕಲಿಸುತ್ತಾರಾ, ತಪ್ಪಾಯಿತು ಅಂತ ಬಂದು ಹೇಳಿದವನನ್ನು ಮೇಷ್ಟ್ರು ಏನು ಮಾಡುತ್ತಾರೆ ಅಂತಲೂ ಕೇಳಿ. ಕಾಲೇಜಿನವರು ಕರೆದರೆ ನಾನೇ ಬಂದು ಮಕ್ಕಳ ಜೊತೆ ಮಾತಾಡುತ್ತೇನೆ, ದುಡ್ಡು ಬೇಡ. ಆ ಸೊಟ್ಟ ನಂಬರಿನ ಸಾಕೆಟ್ ಇನ್ನೂ ನನ್ನ ಹತ್ತಿರ ಇದೆ. ಅದನ್ನೂ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಮಾನ ನಿರ್ವಹಣಾ ಎಂಜಿನಿಯರ್
ಕುವೆಂಪುನಗರ, ಮೈಸೂರು