ಹಳೆ ರ‍್ಯಾಮ್ ದರದ ಬಗ್ಗೆ ನಮ್ಮ ಗ್ರಾಹಕರಿಗೆ

ಆತ್ಮೀಯ ಗ್ರಾಹಕರೇ,

ಈ ತಿಂಗಳಿಂದ ನಮ್ಮ ಎಸ್.ಪಿ. ರೋಡ್ ಅಂಗಡಿಯಲ್ಲಿ ಎರಡು ವಿಷಯ ಬದಲಾಗುತ್ತಿವೆ. ಪ್ರತಿ ಸೋಮವಾರ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದ ದರಪಟ್ಟಿ ಇನ್ನು ಬರುವುದಿಲ್ಲ. ಹಳೆ ರ‍್ಯಾಮ್‌ಗೆ (ಅಂದರೆ ಕಂಪ್ಯೂಟರಿನ ಮೆಮೊರಿಗೆ) ನಾವು ಹೇಳುವ ದರ ಆ ದಿನ ಅಂಗಡಿ ಮುಚ್ಚುವವರೆಗೆ ಮಾತ್ರ. ಇನ್ನೊಂದು, ನಿಮ್ಮ ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪ್‌ನ ಮಾಡೆಲ್ ನಂಬರ್ ಇಲ್ಲದೆ ಮೆಮೊರಿ ಸ್ಟಿಕ್ ಕೊಡುವುದಿಲ್ಲ. ಎಷ್ಟೇ ಹಳೆ ಪರಿಚಯ ಇದ್ದರೂ ಅಷ್ಟೇ.

ತುಮಕೂರು, ಹಾಸನದ ಕಡೆಯಿಂದ ಬೆಳಿಗ್ಗೆ ಬಸ್ ಹತ್ತಿ ಬರುವ ಟೆಕ್ನಿಷಿಯನ್‌ಗಳಿಗೆ, ತಮ್ಮ ಗಿರಾಕಿಗೆ ಮೊದಲೇ ರೇಟ್ ಹೇಳಿ ಬಂದಿರುವವರಿಗೆ ಇದು ಕಷ್ಟ ಅಂತ ನಮಗೆ ಗೊತ್ತು. ಅದಕ್ಕೆ ಕ್ಷಮೆ ಇರಲಿ. ಆದರೆ ವಾರದ ಮೊದಲು ಹಾಕಿದ ರೇಟಿಗೆ ವಾರದ ಕೊನೆಯಲ್ಲಿ ನಮಗೇ ಮಾಲು ಸಿಗದಿರುವಾಗ ಆ ಪಟ್ಟಿ ಕಳಿಸಿ ಏನು ಪ್ರಯೋಜನ?

ಈಗ ಕೌಂಟರ್‌ನಲ್ಲಿ, ಫೋನಿನಲ್ಲಿ ದಿನಾ ಕೇಳುತ್ತಿರುವ ಮಾತಿಗೆ ಬರೋಣ. "ಅಣ್ಣಾ, ಹಳೇದು ತಾನೇ? ಹಳೆ ಮಾಲಿಗೂ ಈ ರೇಟಾ?" ಕೆಲವರು ಇನ್ನೂ ಮುಂದೆ ಹೋಗಿ, ನಾವು ಸ್ಟಾಕ್ ಮುಚ್ಚಿಟ್ಟು ರೇಟ್ ಏರಿಸಿದ್ದೇವೆ ಅಂದರು. ಆ ಮಾತು ನೋವು ಕೊಟ್ಟಿತು. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲು ಮಾಡುವುದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಸರ್ವರ್‌ಗಳಿಗೆ ಬೇಕಾದ ದುಬಾರಿ ಮೆಮೊರಿಯ ಕಡೆಗೆ ಮೂರೂ ವಾಲಿದವು. ಹಳೆ ತಲೆಮಾರಿನ ಮೆಮೊರಿಯಾದ ಡಿಡಿಆರ್ 4ರ ತಯಾರಿಕೆ ಕಡಿಮೆಯಾಗುತ್ತಾ ಬಂತು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುತ್ತೇವೆ ಅಂತ ಹೇಳಿತು. ನಿಮ್ಮಲ್ಲಿ ಎಷ್ಟೋ ಜನರ ಮಷಿನ್‌ನಲ್ಲಿ ಇರುವುದು ಅದೇ ಸ್ಟಿಕ್. ಹೊಸದು ಕೈಗೆ ಸಿಗದ ಬೆಲೆಗೆ ಹೋದಾಗ ಎಲ್ಲರೂ ಹಳೇದರ ಕಡೆ ತಿರುಗುತ್ತಾರೆ, ಅಲ್ವಾ? ಮೊದಲು ಡಿಡಿಆರ್ 4 ಏರಿತು, ಅದರ ಬೆನ್ನಿಗೆ ಅದಕ್ಕೂ ಹಿಂದಿನ ಡಿಡಿಆರ್ 3 ಕೂಡ ಏರಿತು.

ನಮಗೆ ಮಾರುವವರಿಗೂ ಇದೆಲ್ಲ ಗೊತ್ತು. ಮೊದಲು ಆಫೀಸುಗಳ ಹಳೆ ಪಿಸಿಗಳನ್ನು ಲಾಟ್ ಆಗಿ (ಒಟ್ಟಿಗೆ) ಕೊಂಡರೆ ರ‍್ಯಾಮ್ ಅದರೊಳಗೇ ಇರುತ್ತಿತ್ತು. ಈಗ ರ‍್ಯಾಮ್ ಬಿಚ್ಚಿಟ್ಟುಕೊಂಡು ಖಾಲಿ ಡಬ್ಬ ಮಾರುತ್ತಾರೆ. ಬಿಚ್ಚಿದ ರ‍್ಯಾಮನ್ನು ಬೇರೆ ಲಾಟ್ ಮಾಡಿ, ಫೋನಿನಲ್ಲಿ ಆ ದಿನದ ರೇಟ್ ನೋಡಿಕೊಂಡು ನಮಗೆ ಹೇಳುತ್ತಾರೆ. ಟೆಸ್ಟ್ ಮಾಡಿ ತಗೊಳ್ಳಿ ಅನ್ನುವವರು ಯಾರೂ ಇಲ್ಲ. ದುಡ್ಡು ಮೊದಲು, ಅದೂ ಪೂರ್ತಿ ಲಾಟಿಗೆ. ಅದರಲ್ಲಿ ಸತ್ತಿರುವ ಪೀಸ್ ಎಷ್ಟೇ ಬರಲಿ, ಆ ನಷ್ಟ ನಮ್ಮದೇ.

ಆ ಲಾಟ್ ಮೇಜಿನ ಮೇಲೆ ಸುರಿದ ಮೇಲೆ ಏನಾಗುತ್ತದೆ ಅಂತ ನೀವು ನೋಡಬೇಕು. ಒಂದು ಲ್ಯಾಪ್‌ಟಾಪ್ ಸ್ಟಿಕ್ ತಗೊಳ್ಳಿ. ಲೇಬಲ್ ಮೇಲೆ "8 ಜಿಬಿ 2ಆರ್‌ಎಕ್ಸ್8 ಪಿಸಿ3ಎಲ್-12800ಎಸ್" ಅಂತಿದೆ. 12800 ಅನ್ನು 8ರಿಂದ ಭಾಗಿಸಿದರೆ 1600, ಅದು ಸ್ಪೀಡು. 3ರ ಮುಂದಿನ ಎಲ್ ಅಂದರೆ 1.35 ವೋಲ್ಟ್‌ನಲ್ಲಿ ಓಡುತ್ತದೆ, ಎಲ್ ಇಲ್ಲದಿದ್ದರೆ 1.5 ವೋಲ್ಟ್ ಬೇಕು. ಕೊನೆಯ ಎಸ್ ಅಂದರೆ ಲ್ಯಾಪ್‌ಟಾಪ್ ಸೈಜು. ಅಲ್ಲಿ ಆರ್ ಇದ್ದರೆ ಅದು ಸರ್ವರ್ ಮಾಲು. ಲೇಬಲ್ ಅರ್ಧ ಹರಿದಿದ್ದರೆ ಚಿಪ್ ಮೇಲಿನ ಅಕ್ಷರ ಓದಬೇಕು. ಸ್ಯಾಮ್‌ಸಂಗ್‌ನದಾದರೆ ಕೆ4ಬಿ ಅಂದರೆ ಡಿಡಿಆರ್ 3, ಕೆ4ಎ ಅಂದರೆ ಡಿಡಿಆರ್ 4. ಮೈಕ್ರಾನ್ ಚಿಪ್ ಮೇಲೆ ಡಿ9 ಅಂತ ಶುರುವಾಗುವ ಐದಕ್ಷರದ ಕೋಡ್ ಇರುತ್ತದೆ, ಪೂರ್ತಿ ಪಾರ್ಟ್ ನಂಬರ್ ಬೇರೆ ಹುಡುಕಬೇಕು. ಭೂತಗನ್ನಡಿ ಹಿಡಿದು, ಲೈಟನ್ನು ಓರೆ ಮಾಡಿದರೆ ಮಾತ್ರ ಆ ಅಕ್ಷರ ಕಾಣುತ್ತದೆ.

ಲೇಬಲ್ ಇದ್ದ ಮಾತ್ರಕ್ಕೆ ನಂಬುವಂತೆಯೂ ಇಲ್ಲ. ಲೇಬಲ್ ಹೊಸದಾಗಿ ಪ್ರಿಂಟ್ ಮಾಡಿ ಅಂಟಿಸುವವರಿದ್ದಾರೆ. ಸ್ಟಿಕ್‌ನ ವಿವರ ಇಟ್ಟುಕೊಂಡಿರುವ ಎಸ್‌ಪಿಡಿ ಅನ್ನೋ ಪುಟ್ಟ ಚಿಪ್ಪನ್ನೂ ತಿದ್ದಿ ಬರೆಯುವವರಿದ್ದಾರೆ. ಅದಕ್ಕೇ ಲೇಬಲ್, ಚಿಪ್ ನಂಬರ್, ಎಸ್‌ಪಿಡಿ ಮೂರನ್ನೂ ತಾಳೆ ನೋಡುತ್ತೇವೆ. ಮೂರೂ ಒಂದೇ ಮಾತು ಹೇಳದಿದ್ದರೆ ಆ ಪೀಸ್ ಕೌಂಟರ್‌ಗೆ ಬರುವುದಿಲ್ಲ. ಚಿನ್ನದ ಪಿನ್‌ಗಳನ್ನು ರಬ್ಬರ್‌ನಿಂದ ಉಜ್ಜದೆ ಐಪಿಎ ಅನ್ನೋ ಆಲ್ಕೋಹಾಲ್‌ನಿಂದ ಒರೆಸುತ್ತೇವೆ, ಉಜ್ಜಿದಷ್ಟೂ ಲೇಪ ಸವೆಯುತ್ತದೆ. ಪಿನ್‌ಗಳ ಸಾಲಿಗಿಂತ ಸ್ವಲ್ಪ ಮೇಲೆ ಸಾಸಿವೆಗಿಂತ ಚಿಕ್ಕ ರೆಸಿಸ್ಟರ್‌ಗಳ ಸಾಲಿರುತ್ತದೆ, ಅದರಲ್ಲಿ ಒಂದು ಉದುರಿದ್ದರೂ ಪೀಸ್ ಪಕ್ಕಕ್ಕೆ. ಆಮೇಲೆ ರಾತ್ರಿಯಿಡೀ ಮೆಮ್‌ಟೆಸ್ಟ್86+ ಅನ್ನೋ ಮೆಮೊರಿ ಪರೀಕ್ಷೆಯ ಪ್ರೋಗ್ರಾಂ ಓಡುತ್ತದೆ. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೂ ಮಾರುವುದಿಲ್ಲ.

ಹುಡುಗರ ಸಂಬಳ, ಟೆಸ್ಟ್ ಬೆಂಚ್‌ಗಳ ಕರೆಂಟು, ಈ ರಸ್ತೆಯ ಬಾಡಿಗೆ, ಸತ್ತ ಪೀಸ್‌ಗಳ ದುಡ್ಡು ಎಲ್ಲ ಸೇರಿ ಒಳ್ಳೆ ಪೀಸ್ ಮೇಲೆಯೇ ಬೀಳುತ್ತದೆ. ಪಕ್ಕದ ಗಲ್ಲಿಯಲ್ಲಿ ಕಮ್ಮಿಗೆ ಸಿಗುತ್ತದೆ ಅನ್ನುತ್ತೀರಿ. ಸಿಗಬಹುದು. ಟೆಸ್ಟ್ ಆಗಿದೆಯಾ, ನಾಳೆ ವಾಪಸ್ ತಗೊಳ್ತಾರಾ ಅಂತ ಮಾತ್ರ ಕೇಳಿ ನೋಡಿ.

ಬೋರ್ಡ್ ಮಾಡೆಲ್ ಕೇಳುವುದು ನಿಮ್ಮ ಒಳ್ಳೆಯದಕ್ಕೇ. 8 ಜಿಬಿಯ ಡಿಡಿಆರ್ 3 ಸ್ಟಿಕ್‌ನಲ್ಲಿ ಹದಿನಾರು ಚಿಪ್ ಇದ್ದರೆ ಇಂಟೆಲ್ ಪ್ರೊಸೆಸರ್‌ನ 2ರಿಂದ 4ನೇ ಜನರೇಷನ್ ಬೋರ್ಡ್ ತಗೊಳ್ಳುತ್ತದೆ. ಅದೇ 8 ಜಿಬಿ ಎಂಟೇ ಚಿಪ್‌ನಲ್ಲಿ ಬಂದಿದ್ದರೆ ಇಂಟೆಲ್‌ನ 4ನೇ ಜನರೇಷನ್ ಮತ್ತು ಅದಕ್ಕಿಂತ ಹಿಂದಿನ ಬೋರ್ಡ್‌ಗಳು ಒಪ್ಪುವುದಿಲ್ಲ. ಡಿಡಿಆರ್ 2ರ 4 ಜಿಬಿ ಸ್ಟಿಕ್‌ಗಳಲ್ಲಿ ಎಎಂಡಿ ಕಂಪನಿಯ ಪ್ರೊಸೆಸರ್ ಇರುವ ಬೋರ್ಡ್‌ನಲ್ಲಿ ಮಾತ್ರ ಓಡುವ ಒಂದು ಜಾತಿಯೇ ಇದೆ. ಸರ್ವರ್ ಸ್ಟಿಕ್ ಮಾಮೂಲಿ ಡೆಸ್ಕ್‌ಟಾಪ್ ಸ್ಲಾಟ್‌ಗೆ ಸರಿಯಾಗಿ ಕೂರುತ್ತದೆ, ಆದರೆ ಮಷಿನ್ ಆನ್ ಆಗುವುದಿಲ್ಲ. ಇಂಥವು ಚೆನ್ನಾಗಿದ್ದರೂ "ಡೆಡ್ ಕೊಟ್ರಿ" ಅಂತ ವಾಪಸ್ ಬರುತ್ತವೆ. ನಿಮಗೂ ಬಸ್ ಚಾರ್ಜ್ ದಂಡ, ನಮಗೂ ಕೆಟ್ಟ ಹೆಸರು.

ಬರುವ ಮುಂಚೆ ಈಗಿರುವ ಸ್ಟಿಕ್‌ನ ಎರಡೂ ಬದಿಯ ಫೋಟೋ, ಲೇಬಲ್ ಓದುವ ಹಾಗೆ, ವಾಟ್ಸಾಪ್ ಮಾಡಿ. ಜೊತೆಗೆ ಸಿಪಿಯು-ಝಡ್ (ಕಂಪ್ಯೂಟರಿನ ಭಾಗಗಳ ವಿವರ ತೋರಿಸುವ ಪ್ರೋಗ್ರಾಂ) ತೆರೆದು ಅದರ ಮೇನ್‌ಬೋರ್ಡ್ ಪುಟದ ಫೋಟೋ ಇದ್ದರೆ ಸಾಕು. ಅವತ್ತಿನ ದರ ಹೇಳುತ್ತೇವೆ, ನೀವು ಹೂಂ ಅಂದರೆ ನಿಮ್ಮ ಹೆಸರು ಬರೆದು ಪೀಸ್ ಎತ್ತಿಡುತ್ತೇವೆ. ನೀವು ಸಂಜೆ ಕೊನೆ ಬಸ್‌ಗೆ ಮುಂಚೆ ಬಂದರೂ ಅದೇ ದರ.

ಮೂರು ತಿಂಗಳ ರಿಪ್ಲೇಸ್‌ಮೆಂಟ್ ಮೊದಲಿನ ಹಾಗೇ ಇದೆ, ಅದನ್ನು ಮುಟ್ಟಿಲ್ಲ. ಅಡ್ವಾನ್ಸ್ ಕೊಟ್ಟವರಿಗೆ ಅವತ್ತು ಒಪ್ಪಿದ ದರವೇ, ನಮಗೆ ನಷ್ಟ ಬಂದರೂ ಸರಿ. ಸರ್ಕಾರಿ ಶಾಲೆಯ ಲ್ಯಾಬ್‌ಗಳಿಗೆ ಟೆಸ್ಟಿಂಗ್ ಖರ್ಚು ಸೇರಿಸುವುದಿಲ್ಲ. ಇರುವ ಮೆಮೊರಿಯೇ ನಿಮಗೆ ಸಾಕು ಅಂತ ನಮಗೆ ಅನಿಸಿದರೆ ಸಾಕು ಅಂತಲೇ ಹೇಳುತ್ತೇವೆ, ಯಾವಾಗಲೂ ಹೇಳಿದ್ದೇವೆ.

ನಿಮ್ಮ ಹಳೆ ಸ್ಟಿಕ್‌ಗಳನ್ನು ನಾವು ಕೊಳ್ಳುವುದೂ ಆ ದಿನದ ದರಕ್ಕೇ. ರೇಟ್ ಏರಿದಾಗ ನಿಮಗೂ ಜಾಸ್ತಿ ಸಿಗುತ್ತದೆ. ಡಿಡಿಆರ್ 2 ಕೂಡ ತನ್ನಿ, ಸತ್ತವನ್ನೂ ತನ್ನಿ. ಕೆ.ಜಿ. ಲೆಕ್ಕದಲ್ಲಿ ಕೊಂಡು ಚಿನ್ನ ತೆಗೆಯಲು ಆಸಿಡ್‌ನಲ್ಲಿ ಅದ್ದುವವರಿಗೆ ನಾವು ಅವನ್ನು ಕೊಡುವುದಿಲ್ಲ. ನೋಂದಣಿ ಇರುವ ಇ-ತ್ಯಾಜ್ಯ ರಿಸೈಕ್ಲರ್‌ಗೆ ಕೊಟ್ಟು ರಸೀದಿ ಇಟ್ಟುಕೊಳ್ಳುತ್ತೇವೆ. ಕೇಳಿದರೆ ತೋರಿಸುತ್ತೇವೆ.

ಭಾನುವಾರ ಎಂದಿನಂತೆ ರಜೆ. ಶನಿವಾರ ಸಂಜೆ ರಶ್ ಜಾಸ್ತಿ, ಆದಷ್ಟು ಮಧ್ಯಾಹ್ನದೊಳಗೆ ಬನ್ನಿ. ದರದ ಬಗ್ಗೆ ಸಿಟ್ಟಿದ್ದರೆ ಗ್ರೂಪ್‌ನಲ್ಲಿ ಬರೆಯುವ ಬದಲು ನೇರವಾಗಿ ಫೋನ್ ಮಾಡಿ. ನಾವು ಲಾಟ್ ಕೊಂಡ ಬಿಲ್ಲನ್ನೇ ನಿಮ್ಮ ಮುಂದೆ ಇಡುತ್ತೇವೆ.

ಇಂತಿ ನಿಮ್ಮ,
ಅಂಗಡಿಯವರು ಮತ್ತು ಟೆಸ್ಟ್ ಬೆಂಚ್‌ನ ಹುಡುಗರು
ಎಸ್.ಪಿ. ರೋಡ್, ಬೆಂಗಳೂರು