ಇನುಕ್ಸುಕ್ ಪಾಯಿಂಟ್‌ನ ಕಲ್ಲಿಗೆ ನಂಬರು ಬರೆಯುವವರು ಯಾರು?

ಮಾನ್ಯರೆ,

ಕೆನಡಾದ ಉತ್ತರದ ನುನಾವುಟ್‌ನಲ್ಲಿ, ಅಲ್ಲಿನ ಮೂಲನಿವಾಸಿ ಇನುಯಿಟ್ ಜನ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ‘ಇನುಕ್ಸುಕ್’ ಎಂಬ ಗುರುತುಗಳು ನಿಂತಿರುವ ಇನುಕ್ಸುಕ್ ಪಾಯಿಂಟ್ ಕುರಿತು ಭಾನುವಾರದ ಸಂಚಿಕೆಯಲ್ಲಿ ಬಂದ ವರದಿಯನ್ನು, ಅಲ್ಲಿಂದ ಮರಳಿ ನಾಲ್ಕು ದಿನವೂ ಆಗಿರದ ನಾನು ಓದಿದೆ. ಆ ಕಲ್ಲುಗಳು ಅಲುಗದೆ ನಿಂತಿವೆಯೆಂದು ಬರೆದಿದ್ದೀರಿ. ನಾನು ಕಂಡದ್ದು ಅವು ಅಲುಗುವುದನ್ನೇ.

ಒಟ್ಟಾವದಿಂದ ಇಕಾಲುಯಿಟ್‌ಗೆ ಹಾರಿ, ಮಂಜಿನ ಕಾರಣ ಮುಂದಿನ ವಿಮಾನವಿಲ್ಲದೆ ಅಲ್ಲಿ ಎರಡು ರಾತ್ರಿ ಕಳೆದು, ಕಿನ್ಗೈಟ್ ತಲುಪಿದ ಮೇಲೆ ಗಾಳಿ ಇಳಿಯಲೆಂದು ಮತ್ತೆರಡು ದಿನ ಕಾದು, ಪಶ್ಚಿಮಕ್ಕೆ ಸುಮಾರು 88 ಕಿ.ಮೀ. ದೋಣಿಯಲ್ಲಿ ನಡುಗುತ್ತಾ ಕುಳಿತು, ಒದ್ದೆ ಕಾಲುಚೀಲದಲ್ಲೇ ದಡ ಹತ್ತಿದೆ. ಊರಿಂದೂರಿಗೆ ರಸ್ತೆಯೇ ಇಲ್ಲದ ನುನಾವುಟ್‌ನಲ್ಲಿ ಇದೆಲ್ಲ ಇದ್ದದ್ದೇ ಎಂದು ಸಹಿಸಿಕೊಂಡೆ. ಸಹಿಸಲಾಗದ್ದು, ನಮ್ಮದೇ ದೋಣಿಯ ಸಹಯಾತ್ರಿಕರೊಬ್ಬರು ಹಳೆಯ ಇನುಕ್ಸುಕ್ ಒಂದರ ಮೇಲ್ಗಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಪಕ್ಕದಲ್ಲಿ ತಮ್ಮದೊಂದು ‘ಗೊಂಬೆ’ ಕಟ್ಟಿ ಫೋಟೊ ತೆಗೆಸಿಕೊಂಡದ್ದು. ಸುತ್ತಲೂ ಕಿತ್ತಳೆ ಬಣ್ಣದ ಕಲ್ಲುಹೂವು ದಟ್ಟವಾಗಿ ಹಬ್ಬಿತ್ತು. ಆ ಕಲ್ಲು ಕೂತಿದ್ದ ಜಾಗ ಮಾತ್ರ ತಿಕ್ಕಿ ತೊಳೆದಂತೆ ಬೋಳಾಗಿತ್ತು. ದೋಣಿ ನಡೆಸುತ್ತಿದ್ದ ಇನುಯಿಟ್ ಹಿರಿಯರು ಏನೂ ಮಾತನಾಡದೆ ಬಂದು ಕಲ್ಲನ್ನು ಮೊದಲಿನಂತೆ ಇಟ್ಟರು.

ಮರಳಿದವನೇ ಸರ್ಕಾರಿ ಕಚೇರಿಯೊಂದಕ್ಕೆ ಫೋನ್ ಮಾಡಿದರೆ, ದೂರಿನಲ್ಲಿ ಕಲ್ಲಿನ ಸಂಖ್ಯೆಯನ್ನು ನಮೂದಿಸಬೇಕಂತೆ! ಅಲ್ಲಿರುವ 100ಕ್ಕೂ ಹೆಚ್ಚು ಇನುಕ್ಸುಕ್‌ಗಳಿಗೆ ನಾನೇ ಸುಣ್ಣದಲ್ಲಿ ನಂಬರು ಬರೆದು ಬರಬೇಕಿತ್ತೇನೋ. 1969ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಗುರುತಿಸಿದ ಆದೇಶವೇ ಎದ್ದು ಹೋಗಿ ಕಾವಲು ಕಾಯುತ್ತದೆಂದು ಇವರು ನಂಬಿರುವಂತಿದೆ.

ಈ ಉಡಾಫೆ ಇಂದಿನದಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಕೈಕಾಲುಳ್ಳ ಕಲ್ಲುಗೊಂಬೆಯನ್ನು ಲಾಂಛನವಾಗಿ ಆರಿಸಿದಾಗ, ಅದು ಮನುಷ್ಯನ ಆಕಾರದ ಇನುನ್‌ಗ್ವಾಕ್ ಮಾತ್ರ, ದಾರಿ ತೋರುವ, ಕ್ಯಾರಿಬೂ ಬೇಟೆಗೆ ನೆರವಾಗುವ, ಆಹಾರ ಬಚ್ಚಿಟ್ಟ ಜಾಗವನ್ನು ಗುರುತಿಸುವ ಇನುಕ್ಸುಕ್ ಬೇರೆಯೇ ಎಂದು ಇನುಯಿಟ್ ಜನರಲ್ಲಿ ಹಲವರು ಹೇಳಿದ್ದರು. ಆಗ ನಾನೂ ಅಧಿಕಾರಿಯೊಬ್ಬರಿಗೆ ಪತ್ರ ಬರೆದಿದ್ದೆ. ಉತ್ತರದ ಬದಲು ಅದೇ ಗೊಂಬೆಯ ಚಿತ್ರವಿದ್ದ ಪೆನ್ನೊಂದು ಬಂತು. ಈ ದೂರನ್ನು ಬರೆಯಲು ಕೈಗೆ ಸಿಕ್ಕಿದ್ದೂ ಅದೇ, ಶಾಯಿ ಮಾತ್ರ ಒಣಗಿದೆ.

ಆದ್ದರಿಂದ ಆ ತಾಣಕ್ಕೆ ಪ್ರವಾಸಿಗರನ್ನು ಬಿಡುವುದನ್ನೇ ನಿಲ್ಲಿಸಬೇಕು, ಬಿಡುವುದಾದರೆ ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳಲು ಕಲಿಸಿಯಾದರೂ ಬಿಡಬೇಕು. ನಂಬರು ಕೇಳಿದ ಮಹನೀಯರು ತಾವೇ ಒಮ್ಮೆ ಆ ದೋಣಿಯಲ್ಲಿ ಕುಳಿತು, ಕಾಲುಚೀಲ ಒದ್ದೆ ಮಾಡಿಕೊಂಡು, ಎಣಿಸಿ ಬರಲಿ.

– ಒಟ್ಟಾವದಲ್ಲಿ ನೆಲೆಸಿರುವ ಓದುಗ